ಪುಸ್ತಕ ಮುಚ್ಚಿದರೂ ಓದುವ ಮಕ್ಕಳು

ಧಾರವಾಡದ ಒಂದು ಸರಕಾರಿ ಪ್ರಾಥಮಿಕ ಶಾಲೆಯ ವರಾಂಡದಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ನನಗೆ ಪಾಠ ಓದಿ ತೋರಿಸಿದಳು. ಹೊರಗೆ ಜಿಟಿಜಿಟಿ ಮಳೆ. ಅವಳ ದನಿ ಗಟ್ಟಿಯಾಗಿತ್ತು, ಎಲ್ಲಿಯೂ ತಡವರಿಸಲಿಲ್ಲ. ಆದರೆ ಬೆರಳು ಮೂರನೆಯ ಸಾಲಿನ ಮೇಲಿದ್ದಾಗ ಬಾಯಿ ಐದನೆಯ ಸಾಲಿನಲ್ಲಿತ್ತು. ನಾನು ಒಂದು ಪದದ ಮೇಲೆ ಬೆರಳಿಟ್ಟು "ಇದೇನವಾ?" ಎಂದು ಕೇಳಿದೆ. ಅವಳು ಪಾಠದ ಮೊದಲಿಗೆ ಹೋಗಿ, ತುಟಿಯಲ್ಲೇ ಹೇಳಿಕೊಳ್ಳುತ್ತ ಬಂದು, ಒಂದು ಪದದ ಹತ್ತಿರ ನಿಂತಳು. ಅದು ಬೇರೆ ಪದ. "ನೋಡಿ ಓದಾಕ ಬರ್ತೈತೇನು?" ಎಂದೆ. ಅವಳಿಗೆ ಸಿಟ್ಟು ಬಂತು. "ಪುಸ್ತಕ ಮುಚ್ಚಿದ್ರೂ ಬರ್ತೈತ್ರಿ ಸರ" ಎಂದವಳೇ ನಿಜವಾಗಿಯೂ ಪುಸ್ತಕ ಮುಚ್ಚಿ ಪಾಠವನ್ನು ಕೊನೆಯವರೆಗೂ ಹೇಳಿದಳು.

ನಾನು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಎರಡು ವರ್ಷಗಳ ಹಿಂದೆ ಬಿ.ಎ. ಮೊದಲ ವರ್ಷದ ಹುಡುಗನೊಬ್ಬ ತರಗತಿಯಲ್ಲಿ ಒಂದು ಪ್ಯಾರಾ ಓದಲು ಎದ್ದು ನಿಂತು, ಓದಲಾಗದೆ, ಗಂಟಲು ಸರಿಯಿಲ್ಲವೆಂದು ಹೇಳಿ ಕೂತ. ಅವನ ಗಂಟಲು ಸರಿಯಾಗಿಯೇ ಇತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಸುಳ್ಳು ಹೇಳಿ ಕೂರುವ ಈ ಹುಡುಗ ಎಂಟನೆಯ ವಯಸ್ಸಿನಲ್ಲಿ ಎಲ್ಲಿ ಕೂತಿದ್ದ ಎಂದು ನೋಡಲು ಹೊರಟವನು ಈ ವರಾಂಡಕ್ಕೆ ಬಂದೆ. ಅಂದಿನಿಂದ ಶನಿವಾರದ ಬೆಳಗಿನ ಶಾಲೆಯಲ್ಲಿ ಆರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಓದಿಸುತ್ತೇನೆ. ನಾನು ಶಿಕ್ಷಣ ತಜ್ಞನಲ್ಲ. ಆದರೆ ಆರು ಮಕ್ಕಳ ಮುಂದೆ ಎರಡು ವರ್ಷ ಕೂತ ಮೇಲೆ ಒಂದು ವಿಷಯದಲ್ಲಿ ಯಾರೊಡನೆಯೂ ಜಗಳವಾಡಲು ಸಿದ್ಧನಿದ್ದೇನೆ. ಮಗು ಓದಲು ಕಲಿಯಬೇಕಾದರೆ ಅದು ಓದುವುದನ್ನು ದೊಡ್ಡವರೊಬ್ಬರು ಹತ್ತಿರ ಕೂತು ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಳ್ಳಲು ಸಾಧ್ಯವಾಗುವುದು ಐದಾರು ಮಕ್ಕಳ ಗುಂಪಿನಲ್ಲಿ ಮಾತ್ರ. ಉಳಿದದ್ದೆಲ್ಲ, ಅಂದರೆ ಸ್ಮಾರ್ಟ್ ಬೋರ್ಡು, ಬಣ್ಣದ ಚಾರ್ಟು, ಮಾಧ್ಯಮದ ಚರ್ಚೆ, ಇವೆಲ್ಲ ಆಮೇಲಿನ ಮಾತು.

ಮೊದಲು ಲೆಕ್ಕ ಹಾಕೋಣ. ಮೂವತ್ತು ಮಕ್ಕಳ ತರಗತಿ, ನಲವತ್ತು ನಿಮಿಷದ ಪಿರಿಯಡ್. ಶಿಕ್ಷಕಿ ಬೇರೇನೂ ಮಾಡದೆ ಒಬ್ಬೊಬ್ಬರನ್ನೇ ಓದಿಸಿದರೂ ಒಂದು ಮಗುವಿಗೆ ಸಿಗುವುದು ಎಂಬತ್ತು ಸೆಕೆಂಡು. ಆದ್ದರಿಂದ ಯಾರೂ ಹಾಗೆ ಓದಿಸುವುದಿಲ್ಲ. ಶಿಕ್ಷಕಿ ಒಂದು ಸಾಲು ಹೇಳುತ್ತಾರೆ, ಮೂವತ್ತು ಮಕ್ಕಳು ಒಟ್ಟಿಗೆ ಹೇಳುತ್ತಾರೆ. ದೂರದಿಂದ ಕೇಳಿದರೆ ಶಾಲೆ ಜೋರಾಗಿ ನಡೆದಿದೆ ಅನ್ನಿಸುತ್ತದೆ. ಆ ಕೂಗಿನಲ್ಲಿ ಓದುವ ಮಗು ಯಾವುದು, ಪಕ್ಕದವನ ದನಿಯ ಬಾಲ ಹಿಡಿದ ಮಗು ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ನನ್ನ ಹುಡುಗಿ ಪುಸ್ತಕ ಮುಚ್ಚಿ ಓದಲು ಕಲಿತದ್ದು ಅಲ್ಲಿ. ಅವಳ ನೆನಪಿನ ಶಕ್ತಿ ದೊಡ್ಡದು. ಎರಡು ವರ್ಷ ಆ ಶಕ್ತಿಯೇ ಅವಳ ಕೊರತೆಯನ್ನು ಎಲ್ಲರಿಂದ ಮುಚ್ಚಿಟ್ಟಿತ್ತು.

ಆರು ಮಕ್ಕಳು ಹತ್ತಿರ ಕೂತಾಗ ಮೊದಲ ವಾರದಲ್ಲೇ ತಿಳಿಯುವ ಸಂಗತಿಯೆಂದರೆ, ಆರು ಮಕ್ಕಳು ಆರು ಬೇರೆ ಬೇರೆ ಕಾರಣಕ್ಕೆ ಓದುತ್ತಿಲ್ಲ. ಒಬ್ಬನಿಗೆ 'ಪ'ಕ್ಕೂ 'ಷ'ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೊಬ್ಬಳು ಎಲ್ಲ ದೀರ್ಘಗಳನ್ನೂ ಹ್ರಸ್ವ ಮಾಡುತ್ತಾಳೆ. 'ಕಾಲು' ಅವಳ ಬಾಯಲ್ಲಿ 'ಕಲು'. ಮತ್ತೊಬ್ಬನಿಗೆ ಒತ್ತಕ್ಷರ ಕಣ್ಣಿಗೆ ಬೀಳುವುದೇ ಇಲ್ಲ. ಒಬ್ಬಳ ಮನೆಮಾತು ಉರ್ದು, ಅಕ್ಷರಗಳೆಲ್ಲ ಬರುತ್ತವೆ, ಆದರೆ ಓದಿದ ಪದದ ಅರ್ಥ ಗೊತ್ತಿಲ್ಲ. ಒಬ್ಬ 'ಇದೆ' ಎಂದು ಬರೆದಲ್ಲೆಲ್ಲ 'ಐತಿ' ಎಂದು ಓದುತ್ತಾನೆ. ಈ ಕೊನೆಯವನನ್ನು ತರಗತಿಯಲ್ಲಿ 'ತಪ್ಪು ಓದ್ತಾನ' ಎಂದು ಬದಿಗೆ ಸರಿಸಿದ್ದರು. ನಿಜವಾಗಿ ಅವನು ಗುಂಪಿನಲ್ಲೇ ಎಲ್ಲರಿಗಿಂತ ಮುಂದಿದ್ದ. ಅಚ್ಚಿನ ಕನ್ನಡವನ್ನು ಓದಿ, ಅರ್ಥ ಮಾಡಿಕೊಂಡು, ಅವ್ವನ ಕನ್ನಡದಲ್ಲಿ ಹೇಳುತ್ತಿದ್ದ. ಆರನೆಯವಳು ನಮ್ಮ ಪುಸ್ತಕ ಮುಚ್ಚುವ ಹುಡುಗಿ. ಮಾಳಮಡ್ಡಿಯಿಂದ ಹಳೇ ಹುಬ್ಬಳ್ಳಿಯವರೆಗೆ ಕನ್ನಡ, ಉರ್ದು, ಮರಾಠಿ, ಲಂಬಾಣಿ, ತೆಲುಗು, ಕೊಂಕಣಿ ಮನೆಗಳಿರುವ ಈ ಅವಳಿ ನಗರದಲ್ಲಿ ಒಂದೇ ಪಾಠವನ್ನು ಒಂದೇ ಉಸಿರಿನಲ್ಲಿ ಮೂವತ್ತು ಮಕ್ಕಳಿಗೆ ಓದಿಸಿ ಮುಗಿಸುತ್ತೇವೆ ಎನ್ನುವುದು ಹುಂಬತನ.

ಕನ್ನಡ ಬರೆದಂತೆ ಓದುವ ಭಾಷೆ, ಇಂಗ್ಲಿಷಿನ ಹಾಗೆ ತೊಡಕಿಲ್ಲ, ಅಕ್ಷರಮಾಲೆ ಬಂದರೆ ಓದು ತಾನೇ ಬರುತ್ತದೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅರ್ಧ ನಿಜ. ಅಕ್ಷರಮಾಲೆಯಲ್ಲಿ 49 ಅಕ್ಷರಗಳು. ಆದರೆ 34 ವ್ಯಂಜನಗಳಿಗೆ 'ಕ'ದಿಂದ 'ಕಃ'ದವರೆಗೆ ಹದಿನೈದು ರೂಪಗಳ ಕಾಗುಣಿತ ಹಾಕಿ ನೋಡಿ, 510 ಆಕಾರಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆ ತೋರಿಸಿದ್ದೂ ಇದನ್ನೇ: ಇಂಗ್ಲಿಷಿನ 26 ಅಕ್ಷರ ಕಲಿಯುವಂತೆ ಇದು ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಹಬ್ಬುತ್ತದೆ. ನಾವು ಒಂದನೆಯ ತರಗತಿಯಲ್ಲಿ ಅಕ್ಷರ 'ಮುಗಿಸಿ' ಮುಂದೆ ಹೋಗುತ್ತೇವೆ. ಮಗು ಅಲ್ಲೇ ಉಳಿಯುತ್ತದೆ.

ಇದನ್ನು ಕರ್ನಾಟಕ ಅರಿಯದೆ ಇರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ತಾವೇ ಕೂತು ಕಾರ್ಡುಗಳನ್ನು ಬರೆದರು, ಕಲಿಕಾ ಏಣಿಯನ್ನು ಕಟ್ಟಿದರು. ಅಕ್ಷರದ ಕ್ರಮವನ್ನೇ ಬದಲಿಸಿದರು. 'ಅ ಆ ಇ ಈ'ಯ ಹಾದಿಯಲ್ಲಿ ಹೋದ ಮಗು 'ಋ' ತಿದ್ದಿ, 'ಔ' ತಿದ್ದಿ, 'ಙ' ತಿದ್ದಿ, ತಿಂಗಳುಗಟ್ಟಲೆ ಒಂದು ಪದವನ್ನೂ ಓದದೆ ಕೂರುತ್ತಿತ್ತು. ನಲಿ-ಕಲಿ 'ರ ಗ ಸ ದ ಅ' ಎಂದು ಆರಂಭಿಸಿತು. ಐದು ಅಕ್ಷರ ಬಂದ ಕೂಡಲೇ ಸರ, ಅರಸ, ಅಗಸ, ಗರಗಸ, ದಸರ. ಮಗು ಓದಲು ಶುರುಮಾಡಿಯೇಬಿಟ್ಟಿತು. ಇಷ್ಟು ಸರಳವಾದ, ಇಷ್ಟು ಬುದ್ಧಿವಂತಿಕೆಯ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಲಿಲ್ಲ. ಹಳ್ಳಿಯ ಶಿಕ್ಷಕರು ಮಾಡಿದರು.

ಇನ್ನು ಗುಂಪುಗಳು. ನಲಿ-ಕಲಿ ಕೊಠಡಿಯಲ್ಲಿ ಐದು 'ತಟ್ಟೆ'. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ನೆರವು, ಎರಡನೆಯದರಲ್ಲಿ ಭಾಗಶಃ, ಮುಂದಿನ ಎರಡರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಇದರ ಜಾಣ್ಮೆಯನ್ನು ಗಮನಿಸಬೇಕು. ಮಗು ಯಾವ ತಟ್ಟೆಗೆ ಹೋಗಬೇಕೆಂದು ನಿರ್ಧರಿಸುವುದು ಅದರ ಕೈಯಲ್ಲಿರುವ ಕಾರ್ಡು. ಹೊಸ ಅಕ್ಷರ ಪರಿಚಯವಾಗುವ ದಿನ ಶಿಕ್ಷಕರ ಬಳಿ, ಅಭ್ಯಾಸದ ದಿನ ಗೆಳೆಯರ ಬಳಿ. ಯಾರೂ ಯಾವ ಗುಂಪಿನಲ್ಲೂ ಕಾಯಂ ಇಲ್ಲ. ಜಾಣರ ಗುಂಪು, ದಡ್ಡರ ಗುಂಪು ಎಂಬುದಕ್ಕೆ ಆ ರಚನೆಯಲ್ಲಿ ಜಾಗವೇ ಇರಲಿಲ್ಲ.

ಆಮೇಲೆ ಏನಾಯಿತು? 2009-10ರಲ್ಲಿ ಒಂದು ಆದೇಶದಿಂದ ನಲಿ-ಕಲಿ ರಾಜ್ಯದ ಎಲ್ಲ ಸರಕಾರಿ ಶಾಲೆಗಳಿಗೆ ಬಂತು. ಕಾರ್ಡು ಬಂದವು, ಏಣಿ ಬಂತು, ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕುವ ಚಪ್ಪರ ಬಂತು, ಪ್ರಗತಿನೋಟ ಬಂತು. ತಾವೇ ಕಾರ್ಡು ಬರೆದ ಶಿಕ್ಷಕರ ಉತ್ಸಾಹವನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಲಾಗಲಿಲ್ಲ. ಮೊದಲ ತಟ್ಟೆಯಲ್ಲಿ ಕೂರಬೇಕಾದ ಶಿಕ್ಷಕಿಯ ಗತಿಯನ್ನು ನೋಡಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ, ಅವರಿಗೆಲ್ಲ ಅವರೊಬ್ಬರೇ. ನಾನು ಹೋಗುವ ಶಾಲೆಯ ಶಿಕ್ಷಕಿ ಮೊದಲ ತಟ್ಟೆಯಲ್ಲಿ ಕೂತ ಐದನೆಯ ನಿಮಿಷಕ್ಕೆ ಹಾಲಿನ ಪುಡಿಯ ಲೆಕ್ಕ ಕೇಳಿ ಯಾರೋ ಬರುತ್ತಾರೆ. ಹತ್ತನೆಯ ನಿಮಿಷಕ್ಕೆ ಆನ್‌ಲೈನ್ ಮಾಹಿತಿ ತುಂಬಲು ಫೋನು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳಿಸಿ, ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದ್ದು ನಿಮಗೆ ನೆನಪಿರಬಹುದು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿ ಸಲವೂ ಮೊದಲು ಕೈಹಾಕುವುದು ಒಂದನೆಯ ತರಗತಿಯ ಶಿಕ್ಷಕಿಯ ಸಮಯಕ್ಕೇ ಏಕೆ? ಅವರು ಎದ್ದು ಹೋದಮೇಲೂ ಮಕ್ಕಳು ದುಂಡಗೇ ಕೂತಿರುತ್ತಾರೆ. ಪರಿಶೀಲನೆಗೆ ಬಂದವರಿಗೆ ಐದು ತಟ್ಟೆ ಕಾಣುತ್ತವೆ, ಸಂತೋಷವಾಗಿ ಸಹಿ ಹಾಕಿ ಹೋಗುತ್ತಾರೆ.

ಫಲ ಕಣ್ಣ ಮುಂದಿದೆ. ಅಸರ್ ವರದಿಯ ಪ್ರಕಾರ ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 46. ಕೊರೊನಾ ಮುಗಿದ ಮೇಲೆ, 2022ರಲ್ಲಿ, ಸುಮಾರು 30. ಶಾಲೆ ಮುಚ್ಚಿದ್ದಕ್ಕೆ ಹದಿನಾರು ಮಕ್ಕಳ ಲೆಕ್ಕ ಬರೆಯೋಣ. ಶಾಲೆ ತೆರೆದೇ ಇದ್ದ 2018ರಲ್ಲಿ ಓದದ ಆ 54 ಮಕ್ಕಳ ಲೆಕ್ಕ ಯಾರ ಖಾತೆಗೆ? ಅಸರ್‌ನವರಿಗೆ ಇದು ಹೇಗೆ ತಿಳಿಯಿತು ಎಂಬುದನ್ನೂ ಗಮನಿಸಿ. ಸ್ವಯಂಸೇವಕರು ಮನೆಗೆ ಹೋಗಿ, ಒಂದು ಮಗುವಿನ ಪಕ್ಕ ಕೂತು, ಅದಕ್ಕೊಂದು ಹಾಳೆ ಕೊಟ್ಟು ಓದಿಸಿ ಕೇಳುತ್ತಾರೆ. ಎಷ್ಟೋ ಮಕ್ಕಳಿಗೆ ವರ್ಷವಿಡೀ ತಮ್ಮ ಓದನ್ನು ಯಾರಾದರೂ ಹಾಗೆ ಕೂತು ಕೇಳಿದ್ದು ಅದೊಂದೇ ಸಲ ಇರಬೇಕು.

ಈಗ ನನ್ನ ಎದುರಾಳಿಗಳ ಮಾತಿಗೆ ಬರುತ್ತೇನೆ. ಮೊದಲನೆಯವರು ನನ್ನ ಓರಗೆಯವರು. "ನಲಿ-ಕಲಿ ಬಂದು ಮಕ್ಕಳನ್ನು ಕೆಡಿಸಿತು. ನಮ್ಮ ಕಾಲದಲ್ಲಿ ಮಾಸ್ತರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದರು, ನಾವು ಕಲಿಯಲಿಲ್ಲೇನು?" ಎನ್ನುತ್ತಾರೆ. ನಾವು ಕಲಿತೆವು, ನಿಜ. ನಮ್ಮ ಜೊತೆ ಒಂದನೆಯ ತರಗತಿಯಲ್ಲಿ ಕೂತವರಲ್ಲಿ ಏಳನೆಯ ತರಗತಿಗೆ ಎಷ್ಟು ಮಂದಿ ಬಂದರು? ದನ ಕಾಯಲು ಹೋದವರು, ಗೌಂಡಿ ಕೆಲಸಕ್ಕೆ ಹೋದವರು, ಅವ್ವನ ಜೊತೆ ಹೊಲಕ್ಕೆ ಹೋದ ಹುಡುಗಿಯರು ಇಂದು ಹಳೆಯ ಪದ್ಧತಿಯ ಬಗ್ಗೆ ಲೇಖನ ಬರೆಯುತ್ತಿಲ್ಲ. ದಡ ಸೇರಿದವರೇ ಕೂಡಿ ಹೊಳೆಯಲ್ಲಿ ಸೆಳವಿರಲಿಲ್ಲ ಎಂದು ಠರಾವು ಪಾಸು ಮಾಡುತ್ತಿದ್ದೇವೆ.

ಎರಡನೆಯವರು, ಇದು ಪರದೇಶದ ಪದ್ಧತಿ, ನಮ್ಮ ಮಣ್ಣಿಗೆ ಹೊಂದುವುದಿಲ್ಲ ಎನ್ನುವವರು. ಇವರು 1823ಕ್ಕೆ ಹೋಗಿಬರಬೇಕು. ಆಗ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ಸರಕಾರಕ್ಕೆ ವರದಿ ಬರೆದ. ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ, ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಾರೆ, ಚಿಕ್ಕವರು ಮರಳಿನಲ್ಲಿ ಅಕ್ಷರ ತೀಡುತ್ತಾರೆ ಎಂದು ಬರೆದು, ಇಂಗ್ಲೆಂಡ್ ಈ ಕ್ರಮವನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಸೇರಿಸಿದ. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಇಂಥ ಶಾಲೆಯನ್ನು ನೋಡಿಯೇ ಅದನ್ನು ತನ್ನ ದೇಶಕ್ಕೆ ಒಯ್ದಿದ್ದ. ಹಾಗೆಂದು ಆ ಕಾಲವನ್ನು ನಾನು ಹೊಗಳುವುದಿಲ್ಲ. ಆ ಶಾಲೆಗಳ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60. ಅರ್ಥ ತಿಳಿಯದ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ ಎಂಬ ದೂರೂ ಅದೇ ವರದಿಯಲ್ಲಿದೆ. ಪುಸ್ತಕ ಮುಚ್ಚಿ ಓದುವ ನನ್ನ ಹುಡುಗಿಗೆ ಇನ್ನೂರು ವರ್ಷದ ವಂಶಾವಳಿ ಇದೆ.

ಪರದೇಶದಿಂದ ಕಲಿಯಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ. ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬಾಕೆ, ಮಗು ಓದುವಾಗ ಮಾಡುವ ಪ್ರತಿ ತಪ್ಪನ್ನೂ ಪಕ್ಕದಲ್ಲಿ ಕೂತು ಗುರುತು ಹಾಕಿಕೊಳ್ಳುವುದನ್ನು ಶಿಕ್ಷಕರಿಗೆ ಕಲಿಸಿದಳು. ತಪ್ಪು ಮಗುವಿನ ಅಪರಾಧವಲ್ಲ, ಅದರ ತಲೆಯೊಳಗೆ ಏನು ನಡೆದಿದೆ ಎಂಬುದರ ಸುಳಿವು. ನನ್ನ ಶನಿವಾರದ ನೋಟುಬುಕ್ಕು ಆ ಪಾಠದ ಮೇಲೆಯೇ ನಡೆಯುತ್ತದೆ. ಆದರೆ ಅದೇ ಪರಂಪರೆಯಲ್ಲಿ ಚಿತ್ರ ನೋಡಿ, ಸಂದರ್ಭ ನೋಡಿ ಪದವನ್ನು ಊಹಿಸು ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಈಗ ಅಮೆರಿಕದಲ್ಲಿ ದೊಡ್ಡ ಜಗಳವಾಗಿ, ಹಲವು ರಾಜ್ಯಗಳು ಅದನ್ನು ಕಾನೂನಿನಿಂದಲೇ ನಿಷೇಧಿಸಿವೆ. ನಮಗೆ ಆ ಊಹೆ ಬೇಡ. ಕಾಗುಣಿತವನ್ನು ಬಿಡಿಸಿ ಓದಲು ಬಾರದ ಮಗು ಎಷ್ಟು ಊಹಿಸಿದರೂ ಎರಡನೆಯ ಪುಟದಲ್ಲಿ ಸಿಕ್ಕಿಬೀಳುತ್ತದೆ.

ಮೂರನೆಯವರು ಗಡಿಯಾರ ಹಿಡಿದವರು. 2021ರಲ್ಲಿ ಬಂದ ನಿಪುಣ್ ಭಾರತ್, ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂದು ಗುರಿ ಇಟ್ಟಿತು. ಗುರಿ ಬೇಕು, ಒಪ್ಪೋಣ. ಆದರೆ 'ಓದಿಕೊಂಡಿದ್ದರಿಂದ' ಎಂಬುದು ಕನ್ನಡದಲ್ಲಿ ಒಂದು ಪದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ನಾಲ್ಕೈದು ಬೇಕು. ಪದ ಎಣಿಸುವವರಿಗೆ ಕನ್ನಡದ ಪದ ಎಷ್ಟುದ್ದ ಎಂಬುದು ತಿಳಿದಿರಬೇಕು. ಎಣಿಕೆಯ ಹಿಂದೆ ಬಿದ್ದರೆ ಬೇಗ ಓದುವ ಮಕ್ಕಳು ತಯಾರಾಗುತ್ತಾರೆ. ಪುಸ್ತಕ ಮುಚ್ಚಿ ನಿಮಿಷಕ್ಕೆ ನೂರು ಪದ ಓದುವವಳು ನನ್ನ ಹತ್ತಿರ ಇದ್ದಾಳೆ, ಕಳಿಸಿಕೊಡುತ್ತೇನೆ.

ಎದುರಾಳಿಗಳನ್ನು ಬೈದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಮೊದಲ ವರ್ಷ ನಾನು ಓದಲು ಬಾರದ ಆರು ಮಕ್ಕಳನ್ನೇ ಆರಿಸಿ, ಅದೇ ಆರು ಮಕ್ಕಳನ್ನು ವಾರವಾರ ಹೊರಗೆ ಕರೆಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಒಂದು ದಿನ, ಅಲ್ಲೇ ಹಾದುಹೋಗುತ್ತಿದ್ದ ಅಡುಗೆಯವರು ಆ ಹುಡುಗನನ್ನು "ನೀವೇನು ಮಾಡಾಕತ್ತೀರಿ ಇಲ್ಲಿ?" ಎಂದು ಕೇಳಿದರು. 'ಐತಿ' ಎಂದು ಓದುವವನು ಥಟ್ಟನೆ ಹೇಳಿದ: "ನಾವು ದಡ್ಡರ ಗುಂಪಿನವರ್ರಿ." ಅವನ ದನಿಯಲ್ಲಿ ದುಃಖವಿರಲಿಲ್ಲ. ತನ್ನ ಓಣಿಯ ಹೆಸರು ಹೇಳಿದ ಹಾಗೆ ಹೇಳಿದ. ಹೆಗ್ಗಡದೇವನಕೋಟೆಯ ಶಿಕ್ಷಕರು ಏಕೆ ತಟ್ಟೆಯನ್ನು ಕಾರ್ಡಿಗೆ ಕಟ್ಟಿದರು, ಮಗುವಿಗೆ ಕಟ್ಟಲಿಲ್ಲ ಎಂದು ನನಗೆ ಅಂದು ಅರ್ಥವಾಯಿತು. ಈಗ ಪ್ರತಿ ಶನಿವಾರ ಗುಂಪು ಬದಲಾಗುತ್ತದೆ, ಚೆನ್ನಾಗಿ ಓದುವ ಇಬ್ಬರು ಯಾವಾಗಲೂ ಅದರಲ್ಲಿರುತ್ತಾರೆ. ಜಾತಿಯನ್ನು ಇಷ್ಟು ಚೆನ್ನಾಗಿ ಬಲ್ಲ ನಮ್ಮ ಸಮಾಜದಲ್ಲಿ ಗುಂಪು ಮಾಡುವಾಗ ಇನ್ನಷ್ಟು ಎಚ್ಚರ ಬೇಕಿತ್ತು. ನನಗಿರಲಿಲ್ಲ.

ಕೊನೆಯ ಜಗಳ ನಮ್ಮ ನಿಮ್ಮ ನಡುವಿನದು, ಈ ಪತ್ರಿಕೆಯನ್ನು ಓದುವವರ ಜೊತೆಗಿನದು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರು ಇದು. 1933ರಿಂದ ಮನೋಹರ ಗ್ರಂಥಮಾಲೆ ಪುಸ್ತಕ ತರುತ್ತಿರುವ ಊರು. 2019ರ ಜನವರಿಯಲ್ಲಿ ಇಲ್ಲಿ 84ನೆಯ ಸಾಹಿತ್ಯ ಸಮ್ಮೇಳನ ನಡೆದಾಗ, ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವುದರ ವಿರುದ್ಧ ಗಟ್ಟಿ ದನಿ ಎದ್ದಿತು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ನಾನು ಕೂತ ಗೋಷ್ಠಿಗಳಲ್ಲಿ, ಕನ್ನಡ ಮಾಧ್ಯಮದ ಮಗುವಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಯಾರೂ ಕೇಳಿದ ನೆನಪಿಲ್ಲ. ನಾನೂ ಕೇಳಲಿಲ್ಲ. ತಂದೆತಾಯಿ ಇಂಗ್ಲಿಷ್ ಶಾಲೆಗೆ ಓಡುತ್ತಾರೆಂದು ಬೈಯುತ್ತೇವೆ. ಮೂರು ವರ್ಷ ಕಳಿಸಿದರೂ ಮಗಳು ಬಸ್ಸಿನ ಬೋರ್ಡು ಓದುವುದಿಲ್ಲ ಎಂದರೆ ಆ ತಾಯಿ ಭಾಷಾಭಿಮಾನಕ್ಕಾಗಿ ಇನ್ನೆಷ್ಟು ದಿನ ಕಾಯಬೇಕು?

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದಲ್ಲಿ ಮರಾಠಿಯ ಮೇಲುಗೈ ಇದ್ದಾಗ ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನನ್ನೂ ಕನ್ನಡಕ್ಕೆ ತಂದರು. ವೆಂಕಟ ರಂಗೋ ಕಟ್ಟಿಯವರು ಮಕ್ಕಳ ಪಠ್ಯಪುಸ್ತಕಗಳನ್ನೂ ಬರೆದರು. ಪ್ರಾಥಮಿಕ ಶಾಲೆ ಮತ್ತು ಸಾಹಿತ್ಯ ಅವರಿಗೆ ಎರಡು ಬೇರೆ ಇಲಾಖೆಗಳಾಗಿರಲಿಲ್ಲ. ನಮಗೆ ಆಗಿವೆ. ನಾವು 'ಓದುಗರು ಕಡಿಮೆಯಾಗುತ್ತಿದ್ದಾರೆ' ಎಂಬ ವಿಷಯದ ಮೇಲೆ ವಿಚಾರ ಸಂಕಿರಣ ಮಾಡುತ್ತೇವೆ. ಸಪ್ತಾಪುರದ ಕೋಚಿಂಗ್ ಕೇಂದ್ರಗಳಲ್ಲಿ ನೂರಾರು ಜನರಿಗೆ ಮೈಕಿನಲ್ಲಿ ಕಲಿಸುವುದೇ ಶಿಕ್ಷಣ ಎಂದು ನಂಬಿ, ಊರಿಗೆ ವಿದ್ಯಾಕಾಶಿ ಎಂದು ಹೆಸರಿಟ್ಟುಕೊಂಡು ಕೂತಿದ್ದೇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದರಿಂದ ಮೂರನೆಯ ತರಗತಿಯ ಶಿಕ್ಷಕಿಗೆ ದಿನಕ್ಕೆ ಎರಡು ಸಲ, ಇಪ್ಪತ್ತು ಇಪ್ಪತ್ತು ನಿಮಿಷ, ಯಾರೂ ಕರೆಯದ ಸಮಯ ಕೊಡಿ. ಮೂವತ್ತು ಮಕ್ಕಳಿದ್ದರೆ ಆರು ಮಕ್ಕಳ ಐದು ಗುಂಪು. ಪ್ರತಿ ಗುಂಪಿಗೂ ವಾರಕ್ಕೆ ಎರಡು ಸರದಿ ಖಂಡಿತ ಬರುತ್ತದೆ. ಶಾಲೆಯ ಅವಧಿಯಲ್ಲಿ ಆ ಶಿಕ್ಷಕಿಯನ್ನು ಬೇರೆ ಯಾವ ಕೆಲಸಕ್ಕೂ ಎಬ್ಬಿಸಬೇಡಿ. ಡಿ.ಇಎಲ್.ಇಡಿ., ಬಿ.ಇಡಿ. ಮತ್ತು ಕನ್ನಡ ಎಂ.ಎ. ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಹತ್ತಿರದ ಶಾಲೆಯಲ್ಲಿ ಆರು ಮಕ್ಕಳ ಓದು ಕೇಳಲಿ, ಅದಕ್ಕೆ ಅಂಕ ಕೊಡಿ. ಇದರಿಂದ ಸರಕಾರ ಶಿಕ್ಷಕರನ್ನು ನೇಮಿಸುವ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂಬ ಭಯ ನನಗೂ ಇದೆ. ವಾರಕ್ಕೊಮ್ಮೆ ಬರುವ ನನ್ನಂಥವರು ಎಷ್ಟಾದರೂ ಅತಿಥಿಗಳು, ಶಾಲೆ ನಡೆಯುವುದು ಅಲ್ಲಿನ ಶಿಕ್ಷಕಿಯಿಂದ. ಆದರೆ ನೇಮಕಾತಿಯ ಆದೇಶ ಬರುವವರೆಗೆ ಎಂಟು ವರ್ಷದ ಮಗು ಎಂಟು ವರ್ಷದಲ್ಲೇ ನಿಂತಿರುವುದಿಲ್ಲ.

ಪುಸ್ತಕ ಮುಚ್ಚುವ ಹುಡುಗಿ ಈಗ ನಾಲ್ಕನೆಯ ತರಗತಿ. ಹಿಂದಿನಷ್ಟು ಸರಾಗವಾಗಿ ಓದುವುದಿಲ್ಲ. ತಡವರಿಸುತ್ತಾಳೆ, ಬೆರಳು ಒತ್ತಕ್ಷರದ ಹತ್ತಿರ ನಿಲ್ಲುತ್ತದೆ, ಬಾಯಿ ಕಾಯುತ್ತದೆ, ಆಮೇಲೆ ಎರಡೂ ಒಟ್ಟಿಗೆ ಮುಂದೆ ಹೋಗುತ್ತವೆ. ಕಳೆದ ಶನಿವಾರ ಅರ್ಧ ಪುಟಕ್ಕೆ ಹತ್ತು ನಿಮಿಷ ತೆಗೆದುಕೊಂಡಳು. ಮುಂದಿನ ಪುಟವನ್ನು ನಾನು ಓದಿ ಹೇಳುತ್ತೇನೆ ಎಂದರೆ ಪುಸ್ತಕ ಕೊಡಲಿಲ್ಲ.